ಬುಕ್ ವ್ಯಾಲ್ಯೂಗಿಂತ ಕಡಿಮೆಗೆ ಸಿಗುವ ಬ್ಯಾಂಕ್ ಷೇರು ಅಗ್ಗವೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ರೇಷ್ಮೆಗೂಡು ಮಾರಿದ ದುಡ್ಡನ್ನು ನಮ್ಮ ರಾಜ್ಯದ್ದೇ ಒಂದು ಹಳೇ ಖಾಸಗಿ ಬ್ಯಾಂಕಿನಲ್ಲಿ ಇಡುತ್ತೇವೆ. ಅದರ ಷೇರು ಬುಕ್ ವ್ಯಾಲ್ಯೂಗಿಂತ ಕಡಿಮೆಗೆ ಸಿಗುತ್ತಿದೆ. ಕೊಳ್ಳಬಹುದಾ?

ಉತ್ತರ: ಬೆಲೆ ಕಡಿಮೆ ಅನ್ನುವುದೊಂದೇ ಕಾರಣಕ್ಕಾದರೆ ಬೇಡ. ಬುಕ್ ವ್ಯಾಲ್ಯೂ ಅಂದರೆ ಬ್ಯಾಂಕಿನ ಆಸ್ತಿಯಲ್ಲಿ ಅದು ಬೇರೆಯವರಿಗೆ ಕೊಡಬೇಕಾದ್ದನ್ನು ಕಳೆದು ಉಳಿಯುವ ಸ್ವಂತ ಬಂಡವಾಳದಲ್ಲಿ ಒಂದು ಷೇರಿನ ಪಾಲು.

ಬ್ಯಾಂಕಿನ ಆಸ್ತಿ ಅಂದರೆ ಹೆಚ್ಚಿನಂಶ ಅದು ಕೊಟ್ಟ ಸಾಲ. ವಸೂಲಾದರೆ ಆಸ್ತಿ, ಇಲ್ಲದಿದ್ದರೆ ಬರೀ ಲೆಕ್ಕ. ಒಂದು ಬ್ಯಾಂಕಿನ ಸ್ವಂತ ಬಂಡವಾಳ 1,000 ಕೋಟಿ ರೂಪಾಯಿ, ಷೇರುಗಳ ಸಂಖ್ಯೆ 5 ಕೋಟಿ ಅಂದುಕೊಳ್ಳಿ. ಬುಕ್ ವ್ಯಾಲ್ಯೂ 200 ರೂಪಾಯಿ ಆಯಿತು. ಷೇರು 140ಕ್ಕೆ ಸಿಗುತ್ತಿದೆ. ಆಹಾ, ಅಗ್ಗ! ಈಗ ನಿವ್ವಳ ಎನ್‌ಪಿಎ ನೋಡಿ, ಅಂದರೆ ಕೆಟ್ಟ ಸಾಲದಲ್ಲಿ ನಷ್ಟಕ್ಕೆಂದು ಬ್ಯಾಂಕು ಈಗಾಗಲೇ ಎತ್ತಿಟ್ಟದ್ದನ್ನು ಕಳೆದು ಉಳಿದದ್ದು. ಅದು 250 ಕೋಟಿ ಇದ್ದು, ಒಂದು ಪೈಸೆಯೂ ವಾಪಸ್ ಬರದಿದ್ದರೆ ಬುಕ್ ವ್ಯಾಲ್ಯೂ 150ಕ್ಕೆ ಇಳಿಯುತ್ತದೆ. ಅಗ್ಗ ಎಲ್ಲಿ ಹೋಯ್ತು?

90 ದಿನ ದಾಟಿ ಬಾಕಿ ಉಳಿದ ಸಾಲವನ್ನು ಸಾಮಾನ್ಯವಾಗಿ ಎನ್‌ಪಿಎ ಅನ್ನುತ್ತಾರೆ. ಅದರ ಶೇಕಡಾವಾರು ಇಳಿಯಿತು ಅಂತ ಸುಮ್ನೆ ಖುಷಿಪಡಬೇಡಿ. ಹಳೇ ಸಾಲವನ್ನು ರೈಟ್ ಆಫ್ ಮಾಡಿದರೂ, ಅಂದರೆ ಲೆಕ್ಕದ ಪುಸ್ತಕದಿಂದ ತೆಗೆದರೂ, ಇಳಿಯುತ್ತದೆ, ಹೊಸ ಸಾಲ ಜಾಸ್ತಿ ಕೊಟ್ಟರೂ ಇಳಿಯುತ್ತದೆ. ಪ್ರತಿ ಮೂರು ತಿಂಗಳ ಫಲಿತಾಂಶದಲ್ಲಿ 'ಸ್ಲಿಪೇಜ್' ಅಂತ ಒಂದು ಸಾಲು ಇರುತ್ತದೆ. ಹೊಸದಾಗಿ ಎಷ್ಟು ಸಾಲ ಕೆಟ್ಟಿತು ಅನ್ನುವ ಲೆಕ್ಕ ಅದು. ನಾನಾದರೆ ಮೊದಲು ನೋಡುವುದು ಅದನ್ನೇ, ಅದೂ ಎರಡು ವರ್ಷದ್ದು ಒಟ್ಟಿಗೆ.

ಆಮೇಲೆ ಲಾಭ. ನೂರು ರೂಪಾಯಿ ಸ್ವಂತ ಬಂಡವಾಳಕ್ಕೆ ವರ್ಷಕ್ಕೆ 8 ರೂಪಾಯಿ ದುಡಿಯುವ ಬ್ಯಾಂಕಿಗೂ 15 ದುಡಿಯುವ ಬ್ಯಾಂಕಿಗೂ ಒಂದೇ ಬೆಲೆ ಯಾರು ಕೊಡುತ್ತಾರೆ? ಮೊದಲನೆಯದು ಬುಕ್ ವ್ಯಾಲ್ಯೂಗಿಂತ ಕೆಳಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಉಳಿತಾಯ ಖಾತೆ, ಚಾಲ್ತಿ ಖಾತೆಯ ಹಣ ಜಾಸ್ತಿ ಇದ್ದರೆ ಒಳ್ಳೆಯದು, ಬಡ್ಡಿ ಖರ್ಚು ಕಡಿಮೆ.

ಇನ್ನು ನಂಬಿಕೆಯ ಮಾತು. ಮ್ಯಾನೇಜರ್ ಪರಿಚಯ, ಕೌಂಟರಿನಲ್ಲಿ ಮರ್ಯಾದೆ, ಇವೆಲ್ಲ ಠೇವಣಿದಾರರಿಗೆ ಸರಿ. ಷೇರುದಾರರ ಪಾಡು ಬೇರೆ. ತಮಿಳುನಾಡಿನ ಕರೂರಿನಲ್ಲಿ 1926ರಲ್ಲಿ ಶುರುವಾದ ಲಕ್ಷ್ಮೀ ವಿಲಾಸ್ ಬ್ಯಾಂಕ್ 2020ರ ನವೆಂಬರ್‌ನಲ್ಲಿ ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ವಿಲೀನವಾಯಿತು. ಠೇವಣಿದಾರರ ಹಣ ಉಳಿಯಿತು. ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ! ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಷೇರಿಗೆ ಅಂಥದ್ದೇನೂ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಲೆಕ್ಕ ಸರಿ ಅನ್ನಿಸಿದರೆ ಸ್ವಲ್ಪ ಕೊಳ್ಳಿ. ಮುಂದಿನ ಬೆಳೆಯ ಚಾಕಿ ಹುಳುವಿಗೆ, ಕೂಲಿಗೆ ಎತ್ತಿಟ್ಟ ದುಡ್ಡು ಮಾತ್ರ ಇದಕ್ಕೆ ಬೇಡ.