ದಪ್ಪ ಮೈಯ ಗರ್ಭಿಣಿ ತಪಾಸಣೆಗೆ ಬಂದಾಗ: ನರ್ಸಿಂಗ್ ಓದುವವರಿಗೆ ಟಿಪ್ಪಣಿ

ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್‌ನಲ್ಲಿ ಪ್ರಸೂತಿ ವಿಷಯ ಓದುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಪುಸ್ತಕದಲ್ಲಿ ಬೊಜ್ಜು ಮತ್ತು ಗರ್ಭಾವಸ್ಥೆಯ ಬಗ್ಗೆ ಇರುವುದು ಹೆಚ್ಚಾಗಿ ತೊಂದರೆಗಳ ಪಟ್ಟಿ: ಬಿಪಿ, ಶುಗರ್, ಸಿಸೇರಿಯನ್, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ಸರಿ. ಆದರೆ ಒಪಿಡಿಯಲ್ಲಿ ಎದುರಿಗೆ ಕೂತ ಹೆಂಗಸಿಗೆ ಆ ಪಟ್ಟಿ ಓದಿ ಹೇಳಿದರೆ ಹೆದರಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ದಪ್ಪ ಇರುವವರಲ್ಲೂ ಹೆಚ್ಚಿನವರಿಗೆ ಆರೋಗ್ಯವಾದ ಮಗುವೇ ಹುಟ್ಟುತ್ತದೆ. ಅಪಾಯ ಜಾಸ್ತಿ ಇರುವುದು ನಿಜ. ಅದನ್ನು ಬೇಗ ಹಿಡಿಯಬೇಕಾದರೆ ಎರಡು ಬೇಕು: ನಮ್ಮ ಅಳತೆ ಸರಿ ಇರಬೇಕು, ಆಕೆ ತಪ್ಪದೆ ತಪಾಸಣೆಗೆ ಬರಬೇಕು. ಸಾಲಿನಲ್ಲಿ ಹತ್ತು ಜನರ ಎದುರು 'ಏನಮ್ಮ, ಇಷ್ಟು ದಪ್ಪ ಆಗಿದೀಯ' ಅನ್ನಿಸಿಕೊಂಡವಳು ಮುಂದಿನ ತಿಂಗಳು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ಅವಳ ಧೈರ್ಯ ಉಳಿಸುವುದೂ ನಮ್ಮ ಕೆಲಸವೇ ಅನ್ನುವುದು ಅದಕ್ಕೇ.

ಇದು ಅಪರೂಪದ ವಿಷಯ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಅಥವಾ ಅದಕ್ಕಿಂತ ಜಾಸ್ತಿ.

ತೂಕದ ಲೆಕ್ಕ

ಬಿಎಂಐ ಅಂದರೆ ಕಿಲೋದಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸುವುದು. ಬಸಿರಾಗುವ ಮೊದಲಿನ ತೂಕ ಹಿಡಿಯಬೇಕು. ಅದು ಗೊತ್ತಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗಿನದು ನಡೆಯುತ್ತದೆ. ಎತ್ತರ 156 ಸೆಂ.ಮೀ., ತೂಕ 82 ಕಿಲೋ ಅಂತಿಟ್ಟುಕೊಳ್ಳಿ. 1.56ರ ವರ್ಗ 2.43. ಭಾಗಿಸಿದರೆ ಬಿಎಂಐ 33.7.

ಇಲ್ಲಿ ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಭಾರತೀಯರಿಗೆ 23 ಮತ್ತು 25 ಅಂತ ಇನ್ನೊಂದು ಲೆಕ್ಕವೂ ಇದೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವುದರಿಂದ ಗೆರೆಯನ್ನು ಕೆಳಗಿಳಿಸಿದ್ದಾರೆ. ಆದರೆ ಗರ್ಭಿಣಿ ಎಷ್ಟು ತೂಕ ಏರಬೇಕು ಅನ್ನುವುದಕ್ಕೆ ನಾವು ಓದುವ 2009ರ ಅಮೆರಿಕದ ಕೋಷ್ಟಕ ಹಳೆಯ 25, 30ರ ಗೆರೆಯ ಮೇಲೆಯೇ ನಿಂತಿದೆ. ಉತ್ತರ ಬರೆಯುವಾಗ ಎರಡನ್ನೂ ಬೆರೆಸಬೇಡಿ.

ಆ ಕೋಷ್ಟಕದ ಪ್ರಕಾರ ಸಾಮಾನ್ಯ ತೂಕದವರು ಒಂಬತ್ತು ತಿಂಗಳಲ್ಲಿ 11.5ರಿಂದ 16 ಕಿಲೋ ಏರಬಹುದು. ಬಿಎಂಐ 25ರಿಂದ 29.9 ಇದ್ದರೆ 7ರಿಂದ 11.5. 30 ದಾಟಿದ್ದರೆ 5ರಿಂದ 9. ನಮ್ಮ ಉದಾಹರಣೆಯ ಹೆಂಗಸು ಕೊನೆಯದರಲ್ಲಿ ಬರುತ್ತಾಳೆ. ಅಷ್ಟು ಕಡಿಮೆ ಸಾಕಾ ಅಂತ ಅವಳ ಅಮ್ಮ ಕೇಳೇ ಕೇಳುತ್ತಾರೆ. ಲೆಕ್ಕ ಬಿಡಿಸಿ ಹೇಳಿ: ಮಗು ಸುಮಾರು 3 ಕಿಲೋ, ಮಾಸು ಅರ್ಧಕ್ಕಿಂತ ಸ್ವಲ್ಪ ಮೇಲೆ, ಸುತ್ತಲಿನ ನೀರು ಮುಕ್ಕಾಲು, ಗರ್ಭಕೋಶ ಒಂದು, ಎದೆ ಅರ್ಧ, ಹೆಚ್ಚಾದ ರಕ್ತ ಒಂದೂವರೆ, ಮೈಯಲ್ಲಿ ನಿಲ್ಲುವ ನೀರು ಒಂದೂವರೆ. ಹೆಚ್ಚುಕಡಿಮೆ 9 ಆಯಿತು. ಮುಂದೆ ಬೇಕಾಗುವ ಕೊಬ್ಬಿನ ದಾಸ್ತಾನು ಇವಳ ಮೈಯಲ್ಲಿ ಆಗಲೇ ಇದೆ, ಹೊಸದಾಗಿ ಕೂಡಿಸಬೇಕಿಲ್ಲ.

ಹಾಗಂತ ಬಸಿರಿನಲ್ಲಿ ತೂಕ ಇಳಿಸುವ ಡಯಟ್ ಮಾಡಿಸಬಾರದು. ತೆಳ್ಳಗಾಗುವ ಮಾತ್ರೆ, ಇಂಜೆಕ್ಷನ್ ಏನಾದರೂ ತೆಗೆದುಕೊಳ್ಳುತ್ತಿದ್ದಾಳಾ ಅಂತ ಮೊದಲ ಭೇಟಿಯಲ್ಲೇ ಕೇಳಿ. ಈಗ ಹೆಸರು ಮಾಡಿರುವ ಸೆಮಾಗ್ಲುಟೈಡ್ ಅನ್ನು ಬಸಿರಾಗಲು ಪ್ರಯತ್ನಿಸುವ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು.

ತೂಕ ನೋಡುವಾಗಿನ ಮಾತು ಹೀಗಿರಲಿ: 'ಅಕ್ಕ, ತೂಕ ನೋಡ್ಲಾ? ನಂಬರ್ ಹೇಳ್ಲಾ, ಇಲ್ಲ ಸುಮ್ನೆ ಬರ್ಕೊಳ್ಳಲಾ?' ಇಷ್ಟೇ. ಅಲ್ಲಿಂದ ಕೂಗಿ ಇಲ್ಲಿ ಬರೆಸುವ ಪದ್ಧತಿ ಎಷ್ಟೋ ಕಡೆ ಇದೆ. ಅದನ್ನು ಬಿಡಲು ಖರ್ಚೇನೂ ಇಲ್ಲ.

ಬಿಪಿ ಪಟ್ಟಿ

ಈ ಟಿಪ್ಪಣಿಯಲ್ಲಿ ಒಂದೇ ಒಂದು ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಸಾಮಾನ್ಯ ಅಡಲ್ಟ್ ಕಫ್ (ತೋಳಿಗೆ ಕಟ್ಟುವ ಪಟ್ಟಿ) ಇರುವುದು ತೋಳಿನ ಸುತ್ತಳತೆ 27ರಿಂದ 34 ಸೆಂ.ಮೀ. ಇರುವವರಿಗೆ. 35ರಿಂದ 44 ಇದ್ದರೆ ದೊಡ್ಡ ಕಫ್ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒಳಗಿನ ರಕ್ತನಾಳ ಅದುಮಲು ಜಾಸ್ತಿ ಗಾಳಿ ತುಂಬಬೇಕಾಗುತ್ತದೆ, ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇಲ್ಲದ ಬಿಪಿಗೆ ಮಾತ್ರೆ, ಅಡ್ಮಿಷನ್, ಮನೆಯವರಿಗೆಲ್ಲ ಗಾಬರಿ. ಇದಕ್ಕೆ ಉಲ್ಟಾ ಇನ್ನೊಂದು ಅಪಾಯ: 'ಇವರದ್ದು ತೋಳು ದಪ್ಪ, ಹಾಗೇ ತೋರಿಸತ್ತೆ ಬಿಡು' ಅಂತ ನಿಜವಾದ 150/100 ಅನ್ನು ತಳ್ಳಿಹಾಕುವುದು. ಎರಡನೆಯದೇ ಹೆಚ್ಚು ಭಯಂಕರ.

ಕ್ರಮ ಹೀಗೆ. ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಟೇಪ್ ಹಿಡಿದು ನಡುಮಧ್ಯ ಗುರುತು ಮಾಡಿ. ಅಲ್ಲಿ ಸುತ್ತಳತೆ ತೆಗೆಯಿರಿ. ಕಫ್‌ನೊಳಗಿನ ರಬ್ಬರ್ ಚೀಲದ ಉದ್ದ ಆ ಸುತ್ತಳತೆಯ 80%, ಅಗಲ 40% ಇರಬೇಕು. ಬಿಗಿಯಾದ ರವಿಕೆ ತೋಳನ್ನು ಮೇಲೆ ಸುರುಳಿ ಸುತ್ತಿ ಅದರ ಕೆಳಗೆ ಪಟ್ಟಿ ಕಟ್ಟಬೇಡಿ. ತೋಳನ್ನು ಹೊರಗೆ ತೆಗೆಸಿ, ಪರದೆ ಎಳೆಯಿರಿ. ಐದು ನಿಮಿಷ ಕೂರಿಸಿ. ಬೆನ್ನಿಗೆ ಆಧಾರ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಕುರ್ಚಿಗೆ ಕೈಹಿಡಿ ಇಲ್ಲದಿದ್ದರೆ ಆಕೆ ಆರಾಮವಾಗಿ ಕೂರುತ್ತಾಳೆ. ಕೈಹಿಡಿ ನಡುವೆ ಸಿಕ್ಕಿಕೊಂಡು ಕೂತವಳಿಗೆ ಐದು ನಿಮಿಷ ವಿಶ್ರಾಂತಿ ಅನ್ನುವುದಕ್ಕೆ ಅರ್ಥವಿಲ್ಲ, ಅಲ್ವಾ? ಕೊನೆಗೆ ತೋಳಿನ ಅಳತೆಯನ್ನೂ ಯಾವ ಕಫ್ ಕಟ್ಟಿದಿರಿ ಅನ್ನುವುದನ್ನೂ ತಾಯಿ ಕಾರ್ಡಿನಲ್ಲಿ ಬರೆಯಿರಿ. ಮುಂದಿನ ಸಲ ಬೇರೆ ಸಿಸ್ಟರ್ ನೋಡಿದರೂ ಅದೇ ಅಳತೆ ನಡೆಯುತ್ತದೆ.

ಸರಿಯಾದ ಕಫ್‌ನಲ್ಲಿ 140/90 ಅಥವಾ ಮೇಲೆ ಬಂದರೆ ಸ್ವಲ್ಪ ಬಿಟ್ಟು ಮತ್ತೆ ನೋಡಿ, ಮೂತ್ರದಲ್ಲಿ ಆಲ್ಬುಮಿನ್ ನೋಡಿ, ಡಾಕ್ಟರಿಗೆ ತಿಳಿಸಿ. ಬಿಎಂಐ 35ಕ್ಕಿಂತ ಹೆಚ್ಚು, ಜೊತೆಗೆ ಚೊಚ್ಚಲ ಬಸಿರು ಅಥವಾ ಅಮ್ಮ, ಅಕ್ಕತಂಗಿಯರಿಗೆ ಬಸಿರಿನ ಬಿಪಿ ನಂಜು ಬಂದ ಚರಿತ್ರೆ ಇದ್ದರೆ ಡಾಕ್ಟರು 12 ವಾರದಿಂದ ಸಣ್ಣ ಪ್ರಮಾಣದ ಆಸ್ಪಿರಿನ್, 75ರಿಂದ 150 ಮಿ.ಗ್ರಾಂ., ಶುರು ಮಾಡುವುದುಂಟು. ತೀರ್ಮಾನ ಅವರದ್ದು. ಚರಿತ್ರೆ ಸರಿಯಾಗಿ ಕೇಳಿ ಬರೆಯುವುದು ನಮ್ಮದು.

ಶುಗರ್ ಮತ್ತು ತಟ್ಟೆ

ನಮ್ಮ ದೇಶದ ಕ್ರಮದಲ್ಲಿ ಎಲ್ಲ ಗರ್ಭಿಣಿಯರಿಗೂ ಎರಡು ಸಲ ಗ್ಲೂಕೋಸ್ ಪರೀಕ್ಷೆ: ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿ ಬಂದರೆ 24ರಿಂದ 28 ವಾರದೊಳಗೆ ಇನ್ನೊಮ್ಮೆ. ಖಾಲಿ ಹೊಟ್ಟೆ ಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದಲ್ಲಿ ಕುಡಿಸಿ, ಎರಡು ಗಂಟೆಗೆ ರಕ್ತ ನೋಡುವುದು. 140 ಅಥವಾ ಮೇಲೆ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮಾಡಬೇಕು. ಈ ಸುಲಭ ವಿಧಾನವನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಚೆನ್ನೈನ ಡಾ. ವಿ. ಶೇಷಯ್ಯ. ಅವರ ಹುಟ್ಟಿದ ದಿನ ಮಾರ್ಚ್ 10ನ್ನೇ ದೇಶದಲ್ಲಿ ಬಸಿರಿನ ಸಕ್ಕರೆ ಕಾಯಿಲೆಯ ಜಾಗೃತಿ ದಿನವಾಗಿ ಆಚರಿಸುತ್ತಾರೆ. ವೈವಾದಲ್ಲಿ ಕೇಳಬಹುದು.

ಶುಗರ್ ಬಂತು ಅಂದ ತಕ್ಷಣ ಇನ್ಸುಲಿನ್ ಅಲ್ಲ. ಮೊದಲು ಎರಡು ವಾರ ಊಟ ಮತ್ತು ನಡಿಗೆ. ಆಮೇಲೂ ಊಟವಾದ ಎರಡು ಗಂಟೆಗೆ 120 ದಾಟುತ್ತಿದ್ದರೆ ಔಷಧಿ.

ಊಟದ ವಿಷಯದಲ್ಲಿ ನಾವು ಎದುರಿಸುವುದು ಆಕೆಯನ್ನಲ್ಲ, ಆಕೆಯ ಅತ್ತೆಯನ್ನು. 'ಎರಡು ಜೀವ, ಇಬ್ಬರಷ್ಟು ಉಣ್ಣಬೇಕು' ಅನ್ನುವ ಪ್ರೀತಿಯ ಒತ್ತಾಯ ಅದು. ಮೊದಲ ಮೂರು ತಿಂಗಳು ಹೆಚ್ಚುವರಿ ಊಟ ಬೇಕಾಗುವುದೇ ಇಲ್ಲ ಅನ್ನಬಹುದು. ಆಮೇಲೆ ಸಾಮಾನ್ಯ ತೂಕದವರಿಗೇ ದಿನಕ್ಕೆ 350 ಕ್ಯಾಲೊರಿ ಸಾಕು ಅನ್ನುತ್ತದೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ). ಬೊಜ್ಜು ಇರುವವರಿಗೆ ಅದಕ್ಕಿಂತ ಕಡಿಮೆ ಸಾಕಾಗಬಹುದು. ಅತ್ತೆಯನ್ನೂ ಪಕ್ಕ ಕೂರಿಸಿಕೊಂಡೇ ಹೇಳಿ, 'ಅಮ್ಮ, ಹೊಟ್ಟೆ ತುಂಬಾ ಕೊಡಿ, ತಟ್ಟೆಯಲ್ಲಿ ಪಾಲು ಮಾತ್ರ ಬದಲಾಯಿಸಿ.' ಮುದ್ದೆ ಬಿಡಿ ಅನ್ನಬೇಡಿ. ರಾಗಿ ಒಳ್ಳೆಯದು ಅಂತ ದೊಡ್ಡ ಮುದ್ದೆ ಉಂಡರೆ ಶುಗರ್ ಏರುತ್ತದೆ ಅನ್ನುವುದೂ ನಿಜ. ಮುದ್ದೆ ಅರ್ಧ ಆಗಲಿ, ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ ದುಪ್ಪಟ್ಟಾಗಲಿ. ಇಡ್ಲಿ ಜೊತೆ ತರಕಾರಿ ಸಾಂಬಾರು. ಹನ್ನೊಂದು ಗಂಟೆಗೆ ಬಿಸ್ಕತ್ತಿನ ಬದಲು ಹೆಸರುಕಾಳಿನ ಉಸಲಿ, ಮಜ್ಜಿಗೆ. ಹಣ್ಣು ತಿನ್ನಲಿ, ಜ್ಯೂಸ್ ಬೇಡ. ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ಇದನ್ನು ಒಪ್ಪಿಸುವುದು ಕಷ್ಟ, ಬಿಡದೆ ಹೇಳಬೇಕು. ಶನಿವಾರದ ಒಪ್ಪೊತ್ತು, ಏಕಾದಶಿ ಉಪವಾಸ ಈ ಒಂಬತ್ತು ತಿಂಗಳು ಬೇಡ. ಸೀಮಂತದ ದಿನ ಐದು ಬಗೆ ಸಿಹಿ ಎದುರಿಗಿಟ್ಟಾಗ ಒಂದೊಂದು ಚೂರು ರುಚಿ ನೋಡಲಿ. ಅಲ್ಲೂ ಬೈಯುತ್ತಾ ಕೂರುವುದು ನಮ್ಮ ಕೆಲಸವಲ್ಲ.

ದಪ್ಪ ಇದ್ದಾಳೆ ಅಂದರೆ ರಕ್ತ ಚೆನ್ನಾಗಿದೆ ಅನ್ನುವ ನಂಬಿಕೆ ಪೂರ್ತಿ ಸುಳ್ಳು. ಬೊಜ್ಜಿನ ಜೊತೆಗೇ ರಕ್ತಹೀನತೆ ಇರಬಹುದು. ಹಿಮೋಗ್ಲೋಬಿನ್ ತಪ್ಪಿಸಬೇಡಿ. ಕಬ್ಬಿಣದ ಮಾತ್ರೆ 180 ದಿನ. ಕ್ಯಾಲ್ಸಿಯಂ ಬೇರೆ ಹೊತ್ತಿಗೆ, ಎರಡೂ ಒಟ್ಟಿಗೆ ಬೇಡ. ಮಾತ್ರೆಯ ಮೇಲೆ ಕಾಫಿ, ಟೀ ಬೇಡ. ಫೋಲಿಕ್ ಆಸಿಡ್ ಮಾಮೂಲಿ 400 ಮೈಕ್ರೋಗ್ರಾಂ. ಬಿಎಂಐ 30 ದಾಟಿದವರಿಗೆ ಬ್ರಿಟನ್ನಿನ 2018ರ ಮಾರ್ಗಸೂಚಿ 5 ಮಿ.ಗ್ರಾಂ. ಹೇಳಿತ್ತು. ನಮ್ಮಲ್ಲಿ ಡಾಕ್ಟರು ಬರೆದಷ್ಟು.

ಹೊಟ್ಟೆ ಮುಟ್ಟಿ ನೋಡುವಾಗ

ಟೇಪಿನಲ್ಲಿ ಗರ್ಭಕೋಶದ ಎತ್ತರ ಅಳೆದರೆ ದಪ್ಪ ಹೊಟ್ಟೆಯಲ್ಲಿ ನಂಬುವಂತಿಲ್ಲ. ಮಗುವಿನ ಬೆಳವಣಿಗೆಗೆ ಕೊನೆಯ ಮೂರು ತಿಂಗಳಲ್ಲಿ ಸ್ಕ್ಯಾನ್ ಬೇಕಾಗಬಹುದು. 18ರಿಂದ 20 ವಾರದ ಸ್ಕ್ಯಾನಿನಲ್ಲೂ ಚಿತ್ರ ಮಸುಕಾಗಿ ಬಂದು ಇನ್ನೊಮ್ಮೆ ಕರೆಯುತ್ತಾರೆ. 'ಮತ್ತೆ ಬನ್ನಿ' ಅಂದರೆ ಮಗುವಿಗೆ ಏನೋ ಆಗಿದೆ ಅಂತಲೇ ಆಕೆ ಅಂದುಕೊಳ್ಳುವುದು. ಹೋಗುವ ಮೊದಲೇ ಹೇಳಿ ಕಳಿಸಿದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತದೆ.

ಡಾಪ್ಲರ್ ಹಿಡಿದಾಗ ಮಗುವಿನ ಎದೆಬಡಿತ ಬೇಗ ಸಿಗದೇ ಇರಬಹುದು. ಆಗ ಆಕೆ ನೋಡುತ್ತಿರುವುದು ಯಂತ್ರವನ್ನಲ್ಲ, ನಿಮ್ಮ ಮುಖವನ್ನು. ಹುಬ್ಬು ಗಂಟಿಕ್ಕಬೇಡಿ, 'ಸಿಗ್ತಾನೇ ಇಲ್ವಲ್ಲ' ಅನ್ನಬೇಡಿ. ತಲೆ ಕಡೆ ಸ್ವಲ್ಪ ಎತ್ತರಿಸಿ, ಹೊಟ್ಟೆಯ ಮಡಿಕೆಯನ್ನು ಕೇಳಿಕೊಂಡು ಮೆಲ್ಲಗೆ ಮೇಲೆತ್ತಿ, ಅದರ ಕೆಳಗೆ ಹುಡುಕಿ. ದಿನ ಕಡಿಮೆ ಇದ್ದಾಗ ಬಡಿತ ಕೆಳಗೇ ಸಿಗುವುದು. ಸಿಗದಿದ್ದರೆ ಹಿರಿಯ ಸಿಸ್ಟರನ್ನು ಕರೆಯಿರಿ, ಸ್ಕ್ಯಾನ್ ಮಾಡಿಸಿ.

ಮಡಿಕೆ ಎತ್ತಿದಾಗ ಚರ್ಮವನ್ನೂ ನೋಡಿ. ಎದೆಯ ಕೆಳಗೆ, ತೊಡೆಸಂದಿಯಲ್ಲಿ ಕೆಂಪಾಗಿ ಉರಿಯುವ ಶಿಲೀಂಧ್ರ ಸೋಂಕು ತುಂಬ ಸಾಮಾನ್ಯ. ನಾಚಿಕೆಗೆ ಹೇಳಿಕೊಳ್ಳುವುದಿಲ್ಲ. ತೊಳೆದು, ಒತ್ತಿ ಒರೆಸಿ, ಹತ್ತಿ ಬಟ್ಟೆ ಹಾಕಿಕೊಳ್ಳಲು ಹೇಳಿ. ಶುಗರ್ ನೋಡಿದ್ದಾರಾ ಅಂತಲೂ ಪರಿಶೀಲಿಸಿ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು ಇದ್ದರೆ ಡಾಕ್ಟರಿಗೆ ತಿಳಿಸಿ. ಗಂಡನನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ವ್ಯಾಯಾಮ ವಾರಕ್ಕೆ 150 ನಿಮಿಷ, ಅಂದರೆ ದಿನಾ ಅರ್ಧ ಗಂಟೆಯಂತೆ ಐದು ದಿನ ನಡಿಗೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮೊದಲು ನಡೆದೇ ಇಲ್ಲದವರು ಹತ್ತು ನಿಮಿಷದಿಂದ ಶುರು ಮಾಡಲಿ.

ಒಂದು ಕಾಲು ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆ ನೋವು, ರಕ್ತ ಅಥವಾ ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು: ಇವಕ್ಕೆ ಮರುದಿನದವರೆಗೆ ಕಾಯುವುದಿಲ್ಲ, 108. 'ನೀವು ದಪ್ಪ, ಅದಕ್ಕೇ ಮಗು ಅಲುಗಾಡುವುದು ಗೊತ್ತಾಗಲ್ಲ' ಅಂತ ಹೇಳಿ ಯಾರನ್ನೂ ವಾಪಸ್ ಕಳಿಸಬೇಡಿ.

ಹೆರಿಗೆ, ಬಾಣಂತನ

ದಪ್ಪ ಅನ್ನುವುದೊಂದೇ ಸಿಸೇರಿಯನ್‌ಗೆ ಕಾರಣ ಅಲ್ಲ. ಆದರೆ ಬೇಕಾಗುವ ಸಾಧ್ಯತೆ ಜಾಸ್ತಿ. ಬೆನ್ನಿಗೆ ಸೂಜಿ ಕೊಡುವುದೂ ಸ್ವಲ್ಪ ಕಷ್ಟ. ಹಾಗಾಗಿ ಅರಿವಳಿಕೆ ಡಾಕ್ಟರು ದಿನ ತುಂಬುವ ಮೊದಲೇ ಒಮ್ಮೆ ನೋಡಿದರೆ ಒಳ್ಳೆಯದು. ಸಿಸೇರಿಯನ್ ಆದರೆ ಹೊಲಿಗೆಯ ಮೇಲೆ ಮಡಿಕೆ ಬೀಳುತ್ತದೆ. ದಿನಾ ಎತ್ತಿ ನೋಡಿ, ಒಣಗಿರಲಿ.

ಎದೆಹಾಲು ಒಂದೆರಡು ದಿನ ತಡವಾಗಿ ಇಳಿಯಬಹುದು. ಹುಟ್ಟಿದ ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಿ, ಮತ್ತೆ ಮತ್ತೆ ಚೀಪಿಸಿ. ಬಾಟಲಿಯ ಮಾತು ಯಾರಾದರೂ ಎತ್ತಿದರೆ ಮೊದಲು ಮಗು ಎಷ್ಟು ಸಲ ಉಚ್ಚೆ ಹೊಯ್ಯುತ್ತಿದೆ, ತೂಕ ಎಷ್ಟು ಇಳಿದಿದೆ ನೋಡಿ. ದೊಡ್ಡ ಎದೆಯವರಿಗೆ ಮಗುವನ್ನು ಕಂಕುಳ ಕೆಳಗೆ ಹಿಡಿದು, ಕಾಲು ಹಿಂದಕ್ಕೆ ಬರುವಂತೆ ಇಟ್ಟು ಕುಡಿಸುವುದು ಸಲೀಸು. ಮಗುವಿನ ಬಾಯಿ ಕಣ್ಣಿಗೆ ಕಾಣುತ್ತದೆ.

ಬಸಿರಿನಲ್ಲಿ ಶುಗರ್ ಇದ್ದವರಿಗೆ 6 ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ. ಈ ಸಲ ಖಾಲಿ ಹೊಟ್ಟೆಯಲ್ಲಿ. ಹೆಚ್ಚಿನವರು ತಪ್ಪಿಸಿಕೊಳ್ಳುವುದು ಇಲ್ಲೇ. ಕೊಬ್ಬರಿ, ತುಪ್ಪ, ಬೆಲ್ಲದ ಅಂಟಿನುಂಡೆ ನಡೆಯುತ್ತಿರುತ್ತದೆ, ಶುಗರ್ ಹೋಯಿತು ಅಂತ ಮನೆಯಲ್ಲಿ ಎಲ್ಲರೂ ನಿರಾಳ. 6 ವಾರದ ಲಸಿಕೆಗೆ ಮಗುವನ್ನು ಹೇಗೂ ಕರೆದುಕೊಂಡು ಬರುತ್ತಾರೆ. ಡಿಸ್ಚಾರ್ಜ್ ದಿನವೇ ಕಾರ್ಡಿನಲ್ಲಿ ಆ ತಾರೀಖಿನ ಪಕ್ಕ 'ಅಮ್ಮನಿಗೂ ಶುಗರ್ ಪರೀಕ್ಷೆ, ತಿಂಡಿ ತಿನ್ನದೆ ಬರುವುದು, ಡಬ್ಬಿಯಲ್ಲಿ ತಿಂಡಿ ತರುವುದು' ಅಂತ ಬರೆದುಕೊಡಿ.