ಮೈಕ್ರೋವೇವ್ ನುಂಗುವ ಲೋಹದ ಪುಡಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಪಟ್ಟನೆ ಒಡೆಯುವ ಲೋಹ ಅಂದರೆ ತಲೆನೋವು. ಎರಕ ಹೊಯ್ದ ಪಂಪಿನ ಭಾಗ ಸುತ್ತಿಗೆ ಪೆಟ್ಟಿಗೆ ಚೂರಾದರೆ ಆ ಮಾಲನ್ನು ಯಾರೂ ಕೊಳ್ಳುವುದಿಲ್ಲ. ಆದರೆ ಮೈಕ್ರೋವೇವ್ ಅಲೆಗಳನ್ನು ಹೀರುವ ವಸ್ತು ಮಾಡುವವರಿಗೆ ಎಷ್ಟೋ ಸಲ ಇಂಥ ಒಡೆಯುವ ಮಿಶ್ರಲೋಹವೇ ಬೇಕಾಗುತ್ತದೆ. ಯಾಕೆ ಅಂತ ತಿಳಿಯಲು ಫೌಂಡ್ರಿಯ ಇಂಡಕ್ಷನ್ ಫರ್ನೇಸಿನಿಂದಲೇ ಶುರು ಮಾಡಬಹುದು.

ಫರ್ನೇಸಿನ ಸುತ್ತ ತಾಮ್ರದ ಕಾಯಿಲ್ ಇರುತ್ತದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ನೂರಾರು ಸಲ, ಕೆಲವು ಕಡೆ ಸಾವಿರ ದಾಟಿ, ಹಿಂದೆ ಮುಂದೆ ಹರಿಯುತ್ತದೆ. ಆಗ ಒಳಗಿನ ಕಬ್ಬಿಣದಲ್ಲೂ ಸುಳಿ ಕರೆಂಟು ಹುಟ್ಟಿ ಲೋಹ ಕಾದು ಕರಗುತ್ತದೆ. ಈ ಸುಳಿ ಪೂರ್ತಿ ಆಳಕ್ಕೆ ಇಳಿಯುವುದಿಲ್ಲ. 1000 ಹರ್ಟ್ಸ್‌ನಲ್ಲಿ (ಅಂದರೆ ಸೆಕೆಂಡಿಗೆ 1000 ಸಲ) ಕರಗಿದ ಕಬ್ಬಿಣದೊಳಗೆ ಸುಮಾರು 2 ಸೆಂ.ಮೀ. ಹೋದೀತು, ಅಷ್ಟೇ. ಆವರ್ತನ ಏರಿದಷ್ಟೂ ಆಳ ಕಡಿಮೆ. ಮನೆಯ ಮೈಕ್ರೋವೇವ್ ಓವನ್ನಿನದು 245 ಕೋಟಿ ಹರ್ಟ್ಸ್. ಅಲ್ಲಿ ತಾಮ್ರದೊಳಗೆ ಅಲೆ ಇಳಿಯುವುದು ಸುಮಾರು 1.3 ಮೈಕ್ರೋಮೀಟರ್ ಮಾತ್ರ. ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತುಸು ಜಾಸ್ತಿ. ಹಾಗಾಗಿ ಅಲೆಯ ಬಹುಪಾಲು ಹೊರಮೈಯಿಂದಲೇ ವಾಪಸ್ ಹೋಗುತ್ತದೆ. ರಡಾರಿಗೆ ವಿಮಾನ ಕಾಣುವುದು ಹೀಗೆ ವಾಪಸಾದ ಅಲೆಯಿಂದ.

ಲೋಹವನ್ನೇ ಒಂದೆರಡು ಮೈಕ್ರೋಮೀಟರ್ ಗಾತ್ರಕ್ಕೆ ಪುಡಿ ಮಾಡಿದರೆ? ಆಗ ಅಲೆ ಒಂದೊಂದು ಕಣದ ಒಳಗೂ ಹೊಕ್ಕುತ್ತದೆ. ಕಣಗಳ ನಡುವೆ ರಬ್ಬರೋ ರೆಸಿನ್ನೋ ಇದ್ದರೆ ಕರೆಂಟು ಒಂದರಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಕಬ್ಬಿಣದ ಕಾಂತಗುಣವೂ ಕೈ ಸೇರಿಸುತ್ತದೆ. ಅದು ಅಲೆಯ ಜೊತೆ ಓಲಾಡಲು ಹೋಗಿ, ವೇಗಕ್ಕೆ ಸಾಟಿಯಾಗದೆ ಹಿಂದೆ ಬೀಳುತ್ತದೆ. ಆ ಎಳೆದಾಟದಲ್ಲಿ ಅಲೆಯ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ರಾಂಚಿಯಲ್ಲಿ ಹುಟ್ಟಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ರುಸ್ತುಂ ರಾಯ್ ಮತ್ತು ಸಂಗಡಿಗರು ಲೋಹದ ಪುಡಿಯನ್ನು ಒತ್ತಿ, ಮೈಕ್ರೋವೇವಿನಲ್ಲೇ ಕಾಯಿಸಿ ಗಟ್ಟಿ ಭಾಗಗಳನ್ನು ಮಾಡಿ ತೋರಿಸಿದರು. ಅದು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಲೋಹ ಮೈಕ್ರೋವೇವನ್ನು ಹೀರುವುದೇ ಇಲ್ಲ ಅಂದುಕೊಂಡವರಿಗೆ ಅದು ಅಚ್ಚರಿಯೇ ಸರಿ.

ಪುಡಿಯ ಉಪಯೋಗ ಮಾತ್ರ ಅದಕ್ಕಿಂತ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಜಲಾಂತರ್ಗಾಮಿಯ ಗಾಳಿಕೊಳವೆ ರಡಾರಿಗೆ ಕಾಣದಿರಲಿ ಎಂದು ಅದಕ್ಕೆ ಕಾರ್ಬೊನಿಲ್ ಕಬ್ಬಿಣ ಎಂಬ ನುಣ್ಣನೆಯ ಕಬ್ಬಿಣದ ಪುಡಿ ಬೆರೆಸಿದ ರಬ್ಬರ್ ಹೊದಿಸಿದ್ದರು. ದುಂಡು ಕಣಗಳ ಈ ಪುಡಿ ಇಂದಿಗೂ ಬಳಕೆಯಲ್ಲಿದೆ.

ಅದಕ್ಕಿಂತ ಸ್ವಾರಸ್ಯದ್ದು ಸೆಂಡಸ್ಟ್. 1930ರ ದಶಕದಲ್ಲಿ ಜಪಾನಿನ ಸೆಂಡೈಯಲ್ಲಿ ಹಕಾರು ಮಸುಮೊಟೊ ಕಂಡುಹಿಡಿದ ಮಿಶ್ರಲೋಹ. ಸುಮಾರು 85 ಪಾಲು ಕಬ್ಬಿಣ, ಉಳಿದದ್ದು ಸಿಲಿಕಾನ್ ಮತ್ತು ಅಲ್ಯೂಮಿನಿಯಂ. ಕಾಂತಗುಣದಲ್ಲಿ ಗಟ್ಟಿಗ, ಏಟು ತಾಳುವುದರಲ್ಲಿ ಶೂನ್ಯ. ಆದ್ದರಿಂದಲೇ ಸುಲಭವಾಗಿ ಪುಡಿಯಾಗುತ್ತದೆ. ಆ ಪುಡಿಯನ್ನು ಉಕ್ಕಿನ ಗುಂಡುಗಳಿರುವ ಬಾಲ್ ಮಿಲ್‌ನಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ಕಣಗಳು ಅವಲಕ್ಕಿಯ ಹಾಗೆ ಚಪ್ಪಟೆಯಾಗುತ್ತವೆ. ಈ ಆಕಾರ ಮುಖ್ಯ. ಆವರ್ತನ ಏರಿದಂತೆ ಕಾಂತಗುಣ ಕುಸಿಯುತ್ತದೆ. ಅದಕ್ಕೊಂದು ಮಿತಿ ಇದೆ ಎಂದು ಡಚ್ ವಿಜ್ಞಾನಿ ಸ್ನೋಕ್ 1948ರಲ್ಲಿ ತೋರಿಸಿದ್ದರು. ತೆಳು ಚಕ್ಕೆಗಳು ಆ ಮಿತಿಯನ್ನು ದಾಟಬಲ್ಲವು. ನಿಮ್ಮ ಫೋನಿನೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್‌ನ ಅಲೆಗಳ ಗದ್ದಲ ಇನ್ನೊಂದಕ್ಕೆ ತಾಗದಂತೆ ಅಂಟಿಸುವ ತೆಳು ಹಾಳೆಗಳಲ್ಲೂ ಇಂಥ ಚಕ್ಕೆಗಳಿರುತ್ತವೆ.

ಇನ್ನು ದಪ್ಪದ ಲೆಕ್ಕ. ಸಾವಿರ ಕೋಟಿ ಹರ್ಟ್ಸ್‌ನ ರಡಾರ್ ಅಲೆ ಗಾಳಿಯಲ್ಲಿ 3 ಸೆಂ.ಮೀ. ಉದ್ದ ಇರುತ್ತದೆ. ಲೋಹದ ಪುಡಿ ತುಂಬಿದ ಪದರದಲ್ಲಿ ಅದು ಐದು ಪಟ್ಟು ಕುಗ್ಗಿ 6 ಮಿ.ಮೀ. ಆಯಿತು ಅನ್ನಿ. ಪದರ ಅದರ ಕಾಲು ಭಾಗ, ಅಂದರೆ 1.5 ಮಿ.ಮೀ. ಇದ್ದರೆ, ಮೇಲ್ಮೈಯಿಂದ ಮರಳುವ ಅಲೆ ಮತ್ತು ಪದರದ ಬೆನ್ನಿಗಿರುವ ಲೋಹದಿಂದ ಮರಳುವ ಅಲೆ ಒಂದನ್ನೊಂದು ಹೊಡೆದುಹಾಕುತ್ತವೆ. ಆವರ್ತನ ಬದಲಾಯಿತೋ, ಲೆಕ್ಕ ತಪ್ಪಿತು.

ಸಂಶೋಧನಾ ಪ್ರಬಂಧಗಳಲ್ಲಿ ಮೈನಸ್ 60 ಡೆಸಿಬೆಲ್ ಅಂತೆಲ್ಲ ದೊಡ್ಡ ಅಂಕಿ ಕಾಣುತ್ತವೆ. ವಾಪಸಾಗುವ ಅಲೆ ಎಷ್ಟು ತಗ್ಗಿತು ಅನ್ನುವುದರ ಅಳತೆ ಇದು. ಮೈನಸ್ 10 ಅಂದರೆ ಅಲೆಯ ಶಕ್ತಿಯಲ್ಲಿ ನೂರಕ್ಕೆ 90 ಪಾಲು ಹೀರಿದಂತೆ, ಮೈನಸ್ 20 ಅಂದರೆ 99 ಪಾಲು. ಅದರಾಚೆ ಉಳಿಯುವುದು ಒಂದೇ ಪಾಲು, ಅಲ್ವಾ? ಎಷ್ಟು ಅಗಲದ ಆವರ್ತನದಲ್ಲಿ ಮೈನಸ್ 10 ಸಿಗುತ್ತದೆ ಎಂಬುದೇ ನನಗೆ ದೊಡ್ಡದು. ಇನ್ನೊಂದು ಮಾತು: ಈ ಅಂಕಿಗಳು ಬಹಳ ಸಲ ಹಾಳೆಯ ಮೇಲೆ ನೇರವಾಗಿ ಅಳೆದವಲ್ಲ. ಪುಡಿಯನ್ನು ಮೇಣದಲ್ಲಿ ಕಲಸಿ, 7 ಮಿ.ಮೀ. ಅಗಲದ ಪುಟ್ಟ ಉಂಗುರ ಮಾಡಿ, ಅದರ ಗುಣ ಅಳೆದು ಉಳಿದದ್ದನ್ನು ಲೆಕ್ಕ ಹಾಕಿರುತ್ತಾರೆ.

ಗೋಡೆಗೋ ವಿಮಾನಕ್ಕೋ ಹಚ್ಚುವಾಗ ತೂಕ ಕಾಡುತ್ತದೆ. ಘನ ಸೆಂಟಿಮೀಟರಿಗೆ 4 ಗ್ರಾಂ ತೂಗುವ ಪದರವನ್ನು 1.5 ಮಿ.ಮೀ. ದಪ್ಪ ಬಳಿದರೆ ಚದರ ಮೀಟರಿಗೆ 6 ಕಿಲೋ. ಜೊತೆಗೆ ತುಕ್ಕು. ಬೆಳಗಾವಿಯ ಮಳೆಗಾಲದಲ್ಲಿ ಹೊರಗಿಟ್ಟ ಕಬ್ಬಿಣದ ಸರಳೇ ಕೆಂಪಾಗುತ್ತದೆ. ಕಬ್ಬಿಣದ ಪುಡಿಗೆ ಗಾಳಿ ತಾಗುವ ಹೊರಮೈ ಇನ್ನೂ ಜಾಸ್ತಿ, ಹಾಗಾಗಿ ತುಕ್ಕೂ ಬೇಗ. ಅದಕ್ಕೇ ಪ್ರತಿ ಕಣಕ್ಕೂ ಸಿಲಿಕಾದ ಕವಚ ತೊಡಿಸುತ್ತಾರೆ. ಅದು ಕಣಗಳನ್ನು ಬೇರೆಬೇರೆ ಇಡಲೂ ಸಹಾಯ. ಆದರೆ ಕವಚ ದಪ್ಪವಾದರೆ ಪದರದಲ್ಲಿ ಕಬ್ಬಿಣಕ್ಕೆ ಜಾಗ ಕಡಿಮೆಯಾಗಿ ಹೀರುವ ಶಕ್ತಿಯೂ ತಗ್ಗುತ್ತದೆ. ತೆಳುವಾದರೆ ಒಂದೆರಡು ಕಡೆ ಬಿಟ್ಟುಹೋಗಿ, ತುಕ್ಕು ಅಲ್ಲಿಂದಲೇ ಒಳನುಗ್ಗುತ್ತದೆ.