ಮಂಡ್ಯದ ಹ್ಯಾಮ್ ನಕ್ಷೆಯಲ್ಲಿ ಮಧ್ಯಪ್ರದೇಶಕ್ಕೆ ಹೋಗಿದ್ದು ಹೇಗೆ?

ಮಂಡ್ಯದ ಹ್ಯಾಮ್ ಒಬ್ಬರು, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು, ಜಪಾನಿನವರ ಜೊತೆ ಮಾತಾಡಿದರು ಅಂದುಕೊಳ್ಳಿ. ಅಲ್ಲಿಯವರು ಕಂಪ್ಯೂಟರಿನಲ್ಲಿ ಆ ಸಂಪರ್ಕದ ನಕ್ಷೆ ತೆಗೆದರೆ ಗೆರೆ ಬಂದು ನಿಲ್ಲುವುದು ಎಷ್ಟೋ ಸಲ ಮಧ್ಯಪ್ರದೇಶದಲ್ಲಿ. ಸಾಫ್ಟ್‌ವೇರ್ ಕೆಟ್ಟಿಲ್ಲ. ಅದಕ್ಕೆ ಸಿಕ್ಕಿದ್ದು ಕಾಲ್‌ಸೈನ್, ಅಂದರೆ ಹ್ಯಾಮ್‌ಗೆ ಕೊಟ್ಟ ಗುರುತಿನ ಸಂಕೇತ ಮಾತ್ರ. ‘ವಿಯು’ ಎಂದು ಶುರುವಾದರೆ ಭಾರತ, ಅಷ್ಟೇ ಗೊತ್ತು. ಊರು ಗೊತ್ತಿಲ್ಲದೆ ದೇಶದ ನಡುವೆ ಒಂದು ಚುಕ್ಕಿ ಇಡುತ್ತದೆ.

ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ಆ ಕಾಲದಲ್ಲಿ ಅಲೆ ಎಲ್ಲಿಗೆ ಮುಟ್ಟಿತು ಎಂದು ತಿಳಿಯಲು ಕಾಗದ ಬರಬೇಕಿತ್ತು. ಹ್ಯಾಮ್‌ಗಳಿಗೂ ಹಾಗೆಯೇ: ಸಂಪರ್ಕಗಳನ್ನು ಬರೆದಿಡುವ ಲಾಗ್‌ಬುಕ್, ಸಂಪರ್ಕ ಆಗಿದ್ದು ನಿಜ ಎಂದು ಅಂಚೆಯಲ್ಲಿ ಬರುವ ಕ್ಯೂಎಸ್ಎಲ್ ಕಾರ್ಡ್, ಗೋಡೆಯ ನಕ್ಷೆಗೆ ಚುಚ್ಚುವ ಪಿನ್ನು. ಆದರೆ ಗೋಡೆಯ ನಕ್ಷೆ ದಿಕ್ಕು ತಪ್ಪಿಸುತ್ತದೆ. ಅದನ್ನು ನೋಡಿದರೆ ಅಮೆರಿಕ ಪಶ್ಚಿಮಕ್ಕಿದೆ, ಅಲ್ವಾ? ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರದ ದಾರಿ ಹಿಡಿಯಬೇಕಾದರೆ ಆಂಟೆನಾ ತಿರುಗಬೇಕಾದ್ದು ಉತ್ತರದಿಂದ ಸುಮಾರು 20 ಡಿಗ್ರಿ ಪೂರ್ವಕ್ಕೆ. ಅದಕ್ಕೇ ತಮ್ಮ ಊರನ್ನು ನಡುವೆ ಇಟ್ಟು ಬರೆದ ದುಂಡು ನಕ್ಷೆ ಬೇಕಾಯಿತು. ಈಗ ಅದನ್ನು ಸಾಫ್ಟ್‌ವೇರ್ ಕ್ಷಣದಲ್ಲಿ ಬರೆದುಕೊಡುತ್ತದೆ.

ಊರು ಹೇಳುವ ತೊಂದರೆಗೆ ಪರಿಹಾರ ಸಿಕ್ಕಿದ್ದು 1980ರಲ್ಲಿ, ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ ಯುರೋಪಿನ ಹ್ಯಾಮ್‌ಗಳು ಸೇರಿದಾಗ. ಇಡೀ ಭೂಮಿಯನ್ನು ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೆ ಎರಡು ಅಕ್ಷರ, ಎರಡು ಅಂಕಿ ಕೊಟ್ಟರು. ಇದೇ ಲೊಕೇಟರ್. ಇನ್ನೂ ಎರಡು ಅಕ್ಷರ ಸೇರಿಸಿದರೆ ಚೌಕ ಇನ್ನಷ್ಟು ಚಿಕ್ಕದಾಗುತ್ತದೆ. ಅಕ್ಷಾಂಶ ರೇಖಾಂಶಗಳ ಉದ್ದ ಅಂಕಿಗಳನ್ನು ಗದ್ದಲದ ಬ್ಯಾಂಡಿನಲ್ಲಿ ಹೇಳುವುದಕ್ಕಿಂತ ಇದು ಎಷ್ಟೋ ಸುಲಭ. ಒಳ್ಳೆಯ ಯೋಚನೆ ಅಂದರೆ ಇದು.

ಮುಂದೆ ಲಾಗ್ ಕಂಪ್ಯೂಟರಿಗೆ ಬಂತು. ಒಂದು ಸಾಫ್ಟ್‌ವೇರಿನ ಲಾಗನ್ನು ಇನ್ನೊಂದು ಓದಲಿ ಎಂದು 1996ರಲ್ಲಿ ಎಡಿಐಎಫ್ ಎಂಬ ಕಡತದ ರೀತಿ ಬಂತು. 2017ರಲ್ಲಿ ಕಂಪ್ಯೂಟರಿನಿಂದಲೇ ಕಿರು ಸಂದೇಶ ಕಳಿಸುವ ಎಫ್‌ಟಿ8 ಎಂಬ ವಿಧಾನ ಬಂದ ಮೇಲೆ ನಕ್ಷೆಗಳು ತಾವೇ ತುಂಬತೊಡಗಿದವು. ಅದರಲ್ಲಿ 15 ಸೆಕೆಂಡಿಗೆ ಒಂದು ಸಂದೇಶ. ಯಾರಾದರೂ ಮಾತಿಗೆ ಬನ್ನಿ ಎನ್ನುವ ‘ಸಿಕ್ಯೂ’ ಕರೆಯ ಜೊತೆಗೇ ಲೊಕೇಟರ್ ಹೋಗುತ್ತದೆ.

ಆದರೆ ಹೋಗುವುದು ಲೊಕೇಟರಿನ ಮೊದಲ ನಾಲ್ಕು ಅಕ್ಷರ-ಅಂಕಿಗಳೇ. ನಮ್ಮ ಚೌಕ ಎಂಕೆ82. ಮೈಸೂರು, ಮಂಡ್ಯ, ಬೆಂಗಳೂರಿನ ಬಹುಭಾಗ ಮೂರೂ ಇದರೊಳಗೇ ಇವೆ. ಚಾಮರಾಜನಗರ ಮಾತ್ರ ಕೆಳಗಿನ ಎಂಕೆ81ಕ್ಕೆ ಸೇರುತ್ತದೆ. ಸಾಫ್ಟ್‌ವೇರ್ ಸಾಮಾನ್ಯವಾಗಿ ಚುಕ್ಕಿ ಇಡುವುದು ಚೌಕದ ನಟ್ಟನಡುವೆ. ಎಂಕೆ82ರ ನಡು ಬೀಳುವುದು ಮಂಡ್ಯ, ಮದ್ದೂರಿನ ಆಸುಪಾಸಿನಲ್ಲಿ. ಹಾಗಾಗಿ ಬೆಂಗಳೂರಿನ ಬಹಳಷ್ಟು ಹ್ಯಾಮ್‌ಗಳು ನಕ್ಷೆಯಲ್ಲಿ ಮಂಡ್ಯ ಜಿಲ್ಲೆಯವರಾಗುತ್ತಾರೆ!

ಜಪಾನಿನ ಸಂಪರ್ಕಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹತ್ತಿರದವರ ಜೊತೆ ಮಾತಾಡುವ 144 ಮೆಗಾಹರ್ಟ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಚಾಮುಂಡಿ ಬೆಟ್ಟ ಅಡ್ಡ ಬಂತೋ ಇಲ್ಲವೋ ಎಂಬುದೇ ಮುಖ್ಯ. ನಾಲ್ಕಕ್ಷರ ಸಾಕು ಎಂದು ಬಿಟ್ಟರೆ ಮೈಸೂರಿನ ಚುಕ್ಕಿ 40 ಕಿಲೋಮೀಟರಿಗಿಂತ ಜಾಸ್ತಿ ಸರಿಯುತ್ತದೆ. ಆ ನಕ್ಷೆಯಿಂದ ಅಲೆ ಹೋದ ದಾರಿ ತಿಳಿಯುವುದಿಲ್ಲ. ಆದ್ದರಿಂದ ಲಾಗಿನಲ್ಲಿ ಇಬ್ಬರ ಲೊಕೇಟರನ್ನೂ ಆರು ಅಕ್ಷರಕ್ಕೆ ತುಂಬಬೇಕು. ಮೈಸೂರು ಅರಮನೆಯ ಸುತ್ತಮುತ್ತ ಎಂಕೆ82ಎಚ್‌ಎಚ್, ಮಂಡ್ಯ ಪೇಟೆ ಎಂಕೆ82ಕೆಎಂ. ಈ ಚಿಕ್ಕ ಚೌಕ ಸುಮಾರು 9 ಕಿಲೋಮೀಟರ್ ಅಗಲ, 4.6 ಕಿಲೋಮೀಟರ್ ಎತ್ತರ. ಬೆಟ್ಟದ ಆಚೆಯೋ ಈಚೆಯೋ ಎಂದು ಹೇಳಲು ಬಹಳಷ್ಟು ಸಲ ಇಷ್ಟು ಸಾಕು.